ಕೆಂಪಾದ ಚೌಕಗಳನ್ನು ನಂಬಿದ್ದು: ರೆಪೊದ (ಕೋಡಿನ ಭಂಡಾರದ) ಇತಿಹಾಸದಿಂದ ಪ್ರಾಜೆಕ್ಟಿನ ನಾಡಿ ಹಿಡಿದ ನನ್ನ ಅನುಭವ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾಗುತ್ತವೆ ಎಂದು ತಿಳಿದಾಗ, ನಮ್ಮ ಬಿಲ್ಲಿಂಗ್ ತಂತ್ರಾಂಶದಲ್ಲಿ ಯಾವ ಫೈಲುಗಳು ಕೈಕೊಡುತ್ತವೆ ಎಂದು ಏಳು ಹೆಸರುಗಳನ್ನು ಎರಡು ವಾರ ಮೊದಲೇ ಬರೆದುಕೊಟ್ಟಿದ್ದೆ. ಅವುಗಳಲ್ಲಿ ಐದು ನಿಜವಾಗಿಯೂ ಕೈಕೊಟ್ಟವು. ಒಂದೊಂದು ಫೈಲನ್ನು ಒಂದೊಂದು ಚೌಕವಾಗಿ ತೋರಿಸುವ ನನ್ನ ಚಿತ್ರ ಕಂಡು, ಬಣ್ಣದ ಚೌಕ ನೋಡಿ ಪ್ರಾಜೆಕ್ಟ್ ನಡೆಸುವುದುಂಟೇ ಎಂದು ನಗುತ್ತಿದ್ದ ಹಿರಿಯರೇ ಈಗ ಸೋಮವಾರದ ಸಭೆಯಲ್ಲಿ ಆ ಚಿತ್ರವನ್ನು ಮೊದಲು ತೆರೆಯಿರಿ ಎನ್ನುತ್ತಾರೆ.

ಇಲ್ಲಿಗೆ ಬರುವ ಮೊದಲು ಸಾಕಷ್ಟು ಹಣ ಕಳೆದಿದ್ದೇನೆ. ಆರಂಭದಲ್ಲಿ ಯಾರು ಎಷ್ಟು ಕಮಿಟ್ (ಇತಿಹಾಸದಲ್ಲಿ ದಾಖಲಾಗುವ ಒಂದೊಂದು ಬದಲಾವಣೆ) ಮಾಡಿದರು ಎಂಬ ಕಂಬಚಿತ್ರವನ್ನು ಗೋಡೆಯ ಪರದೆಗೆ ಹಾಕಿದೆ. ಮೂರನೆಯ ವಾರದಿಂದಲೇ ಒಂದು ಕಾಮಾ ತಿದ್ದಿದರೂ ಒಂದು ಕಮಿಟ್ ಬರತೊಡಗಿತು, ಕಂಬಗಳು ಬೆಳೆದವು, ದೋಷಗಳು ಇದ್ದಲ್ಲೇ ಇದ್ದವು. ಆಮೇಲೆ ಚಂದಾ ಕಟ್ಟಿ ಬಳಸುವ ಡ್ಯಾಶ್‌ಬೋರ್ಡೊಂದನ್ನು ತಂದೆವು: ಹದಿನೆಂಟು ಜನ, ತಲೆಗೆ ತಿಂಗಳಿಗೆ ಸುಮಾರು 1,100 ರೂಪಾಯಿ, ಎಂಟು ತಿಂಗಳು, ಅಂದರೆ ಒಂದೂವರೆ ಲಕ್ಷಕ್ಕೂ ಮೇಲೆ. ಅದು ಪ್ರಾಜೆಕ್ಟಿನ ಆರೋಗ್ಯಕ್ಕೆ ನೂರಕ್ಕೆ ಎಂಬತ್ತೆರಡು ಅಂಕ ಕೊಟ್ಟ ವಾರವೇ ನಮ್ಮ ಬಿಡುಗಡೆ ಬಿದ್ದುಹೋಯಿತು. ಕೋಡಿನ ಇತಿಹಾಸವನ್ನು ಬೆಳೆಯುವ ಮರದಂತೆ ತೋರಿಸುವ ಗೋರ್ಸ್ ಎಂಬ ತಂತ್ರಾಂಶದಲ್ಲಿ ಮಾಡಿದ ವೀಡಿಯೊ ಕಂಡು ಗ್ರಾಹಕರು ಚಪ್ಪಾಳೆ ತಟ್ಟಿದರು. ಮರ ಚೆನ್ನಾಗಿ ಚಿಗುರುತ್ತಿತ್ತು, ಹುಳು ಹಿಡಿದ ಕೊಂಬೆ ಯಾವುದೆಂದು ಮಾತ್ರ ಅದರಲ್ಲಿ ಕಾಣಲಿಲ್ಲ.

ಜನರನ್ನು ಅಳೆಯುವುದನ್ನು ಬಿಟ್ಟು ಫೈಲುಗಳನ್ನು ಅಳೆಯಲು ತೊಡಗಿದ ಮೇಲೆ ದಾರಿ ತಿಳಿಯಿತು. ತನ್ನ ಪ್ರಯೋಗಾಲಯದ ಹಾರ್ಡ್ ಡಿಸ್ಕನ್ನು ಏನು ತುಂಬಿಸುತ್ತಿದೆ ಎಂದು ನೋಡಲು ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1990ರ ಸುಮಾರಿಗೆ ಹೂಡಿದ ಟ್ರೀಮ್ಯಾಪನ್ನೇ ಹಿಡಿದುಕೊಂಡೆ: ಚೌಕದ ವಿಸ್ತಾರ ಫೈಲಿನ ಸಾಲುಗಳಷ್ಟು, ಬಣ್ಣ ಕಳೆದ ತೊಂಬತ್ತು ದಿನಗಳಲ್ಲಿ ಅದನ್ನು ಕೆದಕಿದಷ್ಟು ಕೆಂಪು. ಕೋಡಿನ ಇತಿಹಾಸವನ್ನು ಕಾಪಿಡುವ ಗಿಟ್‌ನ ಲಾಗ್‌ನಲ್ಲಿ ನಮ್‌ಸ್ಟ್ಯಾಟ್ ಎಂಬ ಆಯ್ಕೆ ಕೊಡುವ, ಪ್ರತಿ ಫೈಲಿನಲ್ಲಿ ಸೇರಿದ ಮತ್ತು ಅಳಿದ ಸಾಲುಗಳ ಅಂಕಿಗಳು ಇದಕ್ಕೆ ಸಾಕು, ಆದರೆ ಅವನ್ನು ಜರಡಿ ಹಿಡಿಯುವುದರಲ್ಲೇ ನನ್ನ ಎರಡು ತಿಂಗಳು ಹೋಯಿತು. ಮೊದಲ ಚಿತ್ರದಲ್ಲಿ ಉರಿಯುತ್ತಿದ್ದದ್ದು ಯಾರೂ ಕೈಯಲ್ಲಿ ಬರೆಯದ ಪ್ಯಾಕೇಜ್-ಲಾಕ್ ಫೈಲು. ಎರಡನೆಯದರಲ್ಲಿ, ಒಂದು ಶುಕ್ರವಾರ ಯಾರೋ ಇಡೀ ಕೋಡಿಗೆ ಫಾರ್ಮ್ಯಾಟರ್ (ಸಾಲುಗಳ ಜೋಡಣೆಯನ್ನು ಮಾತ್ರ ತಿದ್ದುವ ಸಾಧನ) ಓಡಿಸಿದ್ದರಿಂದ ಎಲ್ಲವೂ ಕೆಂಪು. ಎಸ್‌ವಿಎನ್ ಎಂಬ ಹಳೆಯ ವ್ಯವಸ್ಥೆಯಿಂದ ಗಿಟ್‌ಗೆ ಬರುವಾಗ ಒಬ್ಬರೇ ನಾಲ್ಕು ಇಮೇಲುಗಳಲ್ಲಿ ನಾಲ್ವರಾಗಿದ್ದರು. ಮೇಲ್‌ಮ್ಯಾಪ್ (ಯಾವ ಇಮೇಲು ಯಾರದೆಂಬ ಪಟ್ಟಿ) ಬರೆದು ಅವರನ್ನು ಒಂದುಗೂಡಿಸಿದ ಮೇಲೆಯೇ, ಒಬ್ಬರಿಗೆ ಮಾತ್ರ ಗೊತ್ತಿರುವ ಫೈಲುಗಳಿಗೆ ಗೆರೆ ಎಳೆದು ತೋರಿಸಲು ಸಾಧ್ಯವಾಯಿತು. ಹಳೆಯ ಬದಲಾವಣೆಯ ತೂಕವನ್ನು ದಿನ ಕಳೆದಂತೆ ಹೇಗೆ ಇಳಿಸುತ್ತೇನೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ಬಹಳ ನಿದ್ದೆ ಕೆಟ್ಟಿದ್ದೇನೆ.

ನಡುವೆ ಕಮಿಟ್ ಮಾಡುವ ವೇಳೆಯನ್ನೂ ಚಿತ್ರಿಸಿ ನೋಡಿದೆ. ಸಹೋದ್ಯೋಗಿಯೊಬ್ಬರು ದಿನವೂ ಬೆಳಗಿನ ಜಾವ ನಾಲ್ಕೂವರೆಗೆ ಕೆಲಸ ಮಾಡುತ್ತಿರುವಂತೆ ಕಂಡು ಗಾಬರಿಯಾಯಿತು. ವಿಚಾರಿಸಿದರೆ, ಅವರು ಬಳಸುತ್ತಿದ್ದ ರಿಮೋಟ್ ಸರ್ವರಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿತ್ತು, ನಮ್ಮಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಕಾವಲುಗಾರನ ಕೆಲಸ ನನಗೆ ಬೇಡವೆನಿಸಿ ಆ ಚಿತ್ರವನ್ನು ಅಳಿಸಿದೆ.

ಫಲ ಕೊಟ್ಟ ಪ್ರಯೋಗ ಇನ್ನೊಂದು. ಒಂದೇ ಕಮಿಟ್‌ನಲ್ಲಿ ಜೊತೆಯಾಗಿ ಬದಲಾಗುವ ಫೈಲುಗಳನ್ನು ಗೆರೆಯಿಂದ ಜೋಡಿಸಿದಾಗ, ತೆರಿಗೆ ಲೆಕ್ಕದ ಫೈಲಿಗೂ, ಎಲ್ಲೋ ದೂರದ ಫೋಲ್ಡರಿನಲ್ಲಿದ್ದ ಕ್ರೆಡಿಟ್ ನೋಟ್ ಮುದ್ರಣದ ಫೈಲಿಗೂ ನಡುವೆ ದಪ್ಪನೆಯ ಗೆರೆ ಬಂತು. ನಲವತ್ತು ಬದಲಾವಣೆಗಳಲ್ಲಿ ಮೂವತ್ತರಷ್ಟು ಜೋಡಿಯಾಗಿಯೇ ಆಗಿದ್ದವು. ತೆರೆದು ನೋಡಿದರೆ, 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗಿನ ಅವಸರದಲ್ಲಿ ಯಾರೋ ದರಪಟ್ಟಿಯನ್ನು ಅಲ್ಲಿಗೂ ನಕಲು ಮಾಡಿಟ್ಟಿದ್ದರು, ಎಂಟು ವರ್ಷ ಎರಡನ್ನೂ ಕೈಯಿಂದಲೇ ತಿದ್ದುತ್ತ ಬಂದಿದ್ದೆವು. ಮೇಲೆ ಹೇಳಿದ ಏಳು ಹೆಸರುಗಳ ಪಟ್ಟಿ ಹುಟ್ಟಿದ್ದು ಈ ಗೆರೆಗಳನ್ನೂ ಕೆಂಪು ಚೌಕಗಳನ್ನೂ ಸೇರಿಸಿ ನೋಡಿದ್ದರಿಂದಲೇ.

ಈಗಿನ ಖರ್ಚು ಮುನ್ನೂರು ಸಾಲಿನ ಒಂದು ಪೈಥಾನ್ ಸ್ಕ್ರಿಪ್ಟ್, ಭಾನುವಾರ ರಾತ್ರಿ ಅದನ್ನು ಓಡಿಸುವ ಹಳೆಯ ಲ್ಯಾಪ್‌ಟಾಪಿನ ಕರೆಂಟು, ಅಷ್ಟೇ. ತಪ್ಪಿದ ಎರಡು ಹೆಸರುಗಳ ಬಗ್ಗೆಯೂ ಹೇಳಬೇಕು: ಅವು ಕೆಂಪಾಗಿದ್ದುದು ಆಗಷ್ಟೇ ಟೆಸ್ಟುಗಳಿಗಾಗಿ ಅವನ್ನು ಒಡೆದು ಸರಿಪಡಿಸಿದ್ದರಿಂದ. ಪಟ್ಟಿಯಲ್ಲೇ ಇಲ್ಲದ ಒಂದು ಫೈಲು ಮಾತ್ರ ಎಲ್ಲಕ್ಕಿಂತ ಜೋರಾಗಿ ಕೈಕೊಟ್ಟಿತು. 2017ರ ನಂತರ ಯಾರೂ ಮುಟ್ಟದೆ ಚಿತ್ರದ ಮೂಲೆಯಲ್ಲಿ ತಣ್ಣಗೆ ಕುಳಿತಿತ್ತು. ಅಂಥವುಗಳಿಗೆ ಬೂದು ಬಣ್ಣ ಕೊಟ್ಟು ಈಗ ಬೇರೆ ಹಾಳೆಯಲ್ಲಿ ಬಿಡಿಸುತ್ತಿದ್ದೇನೆ.