ಇಂಗ್ಲೆಂಡಿನ ಮನೆ ಬಾಯ್ಲರ್: ಕೋಣೆಯೂ ಕಾಯಬೇಕು, ನೀರೂ ಕಾಯಬೇಕು

ಊರಿಂದ ಇಂಗ್ಲೆಂಡಿಗೆ ಬಂದವರು ಮೊದಲ ಚಳಿಗಾಲದಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ನಲ್ಲಿಯಲ್ಲಿ ಬಿಸಿನೀರು ಬರ್ತಿದೆ, ಕೋಣೆ ಕಾಯಿಸುವ ರೇಡಿಯೇಟರ್ ಮಾತ್ರ ತಣ್ಣಗಿದೆ, ಬಾಯ್ಲರ್ ಕೆಟ್ಟಿದೆಯಾ? ಕೆಲವರಿಗೆ ಇದರ ಉಲ್ಟಾ. ನಮಗೆ ಗೊತ್ತಿರುವುದು ಗೀಸರ್, ಅದಕ್ಕೆ ಒಂದೇ ಕೆಲಸ. ಇಲ್ಲಿ ಒಂದೇ ಬಾಯ್ಲರ್ ಎರಡು ಕೆಲಸ ಮಾಡುತ್ತದೆ. ಅದು ಹೇಗೆ ಅಂತ ಒಂದು ಸಲ ತಿಳಿದುಕೊಂಡರೆ ಅರ್ಧ ಗಾಬರಿ ಅಲ್ಲಿಗೇ ಕಳೆಯುತ್ತದೆ.

ಮೊದಲು ಇದು ತಲೆಯಲ್ಲಿರಲಿ: ರೇಡಿಯೇಟರ್ ಒಳಗಿನ ನೀರು ಬೇರೆ, ನಲ್ಲಿಯ ನೀರು ಬೇರೆ. ರೇಡಿಯೇಟರ್ ನೀರು ವರ್ಷಗಟ್ಟಲೆ ಅದೇ ಪೈಪುಗಳಲ್ಲಿ ಸುತ್ತುತ್ತಿರುತ್ತದೆ, ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಕೆಮಿಕಲ್ ಹಾಕಿರುತ್ತಾರೆ. ಅದು ತನ್ನ ಬಿಸಿಯನ್ನು ಲೋಹದ ಗೋಡೆಯ ಮೂಲಕ ನಲ್ಲಿ ನೀರಿಗೆ ಕೊಡುತ್ತದೆ ಅಷ್ಟೇ. ಎರಡೂ ಬೆರೆಯುವುದಿಲ್ಲ.

ಈಗ ನಿಮ್ಮ ಮನೆಯಲ್ಲಿ ಯಾವ ಥರದ್ದಿದೆ ನೋಡಿಕೊಳ್ಳಿ. ಮಹಡಿಯ ಯಾವುದೋ ಕಪಾಟಿನಲ್ಲಿ ಆಳೆತ್ತರದ ದಪ್ಪ ಸಿಲಿಂಡರ್ ಇದೆಯಾ? ಇದ್ದರೆ ಅದು ನಮ್ಮ ಬಚ್ಚಲ ಹಂಡೆ ಇದ್ದಂತೆ. ಕೆಳಗೆ ಸೌದೆ ಉರಿಯುವ ಬದಲು ಹಂಡೆಯ ಹೊಟ್ಟೆಯೊಳಗೇ ಒಂದು ಸುರುಳಿ ಪೈಪು ಇರುತ್ತದೆ, ಅದರಲ್ಲಿ ಬಾಯ್ಲರಿನ ಬಿಸಿನೀರು ಹರಿದು ಸುತ್ತಲಿನ ನೀರನ್ನು ಕಾಯಿಸುತ್ತದೆ. ಸಿಲಿಂಡರ್ ಎಲ್ಲೂ ಇಲ್ಲ, ಬಾಯ್ಲರ್ ಒಂದೇ ಇದೆ ಅಂದರೆ ಅದು ಬಹುತೇಕ ಕಾಂಬಿ.

ಕಾಂಬಿಯಲ್ಲಿ ನೀರು ಕೂಡಿಡುವುದಿಲ್ಲ, ನಲ್ಲಿ ತಿರುಗಿಸಿದಾಗಲೇ ಕಾಯಿಸುತ್ತದೆ. ನೀರು ಹರಿದದ್ದು ಗೊತ್ತಾದ ತಕ್ಷಣ ಒಳಗಿನ ಡೈವರ್ಟರ್ ವಾಲ್ವ್ ತಿರುಗಿ, ರೇಡಿಯೇಟರಿಗೆ ಹೋಗುತ್ತಿದ್ದ ಬಿಸಿಯನ್ನೆಲ್ಲ ನಲ್ಲಿಯ ಕಡೆಗೆ ಕಳಿಸುತ್ತದೆ. ಅಂದರೆ ಯಾರೋ ಇಪ್ಪತ್ತು ನಿಮಿಷ ಸ್ನಾನ ಮಾಡಿದರೆ ಅಷ್ಟು ಹೊತ್ತು ರೇಡಿಯೇಟರ್ ಆರುತ್ತಾ ಬರುವುದು ಸಹಜ, ರಿಪೇರಿ ಏನೂ ಬೇಡ. ಸ್ನಾನ ಮುಗಿದು ಒಂದು ಗಂಟೆಯಾದರೂ ರೇಡಿಯೇಟರ್ ಬಿಸಿಯಾಗದಿದ್ದರೆ ಮೊದಲು ರೂಮ್ ಥರ್ಮೋಸ್ಟಾಟ್ ನೋಡಿ, ಟೈಮರ್ ನೋಡಿ, ಆಮೇಲೆ ಆ ವಾಲ್ವ್ ಸಿಕ್ಕಿಕೊಂಡಿರಬಹುದು ಅಂತ ಯೋಚಿಸಿ. ಇನ್ನೊಂದು, ಚಳಿಗಾಲದಲ್ಲಿ ಶವರ್ ಸಣ್ಣಗೆ ಬರುವುದಕ್ಕೂ ಕಾರಣ ಇದೆ. 24 ಕಿಲೋವ್ಯಾಟ್ ಕಾಂಬಿ, 5 ಡಿಗ್ರಿಯ ನೀರನ್ನು 40ಕ್ಕೆ ಏರಿಸಿ ನಿಮಿಷಕ್ಕೆ ಸುಮಾರು 10 ಲೀಟರ್ ಕೊಡಬಲ್ಲದು, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಶವರ್ ಓಡುವಾಗ ಅಡುಗೆಮನೆಯಲ್ಲಿ ಬಿಸಿನೀರು ಬಿಟ್ಟರೆ ಇಬ್ಬರಿಗೂ ಸಾಲುವುದಿಲ್ಲ.

ಸಿಲಿಂಡರ್ ಮನೆಯಲ್ಲಿ ಯಾವ ಬಿಸಿ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವುದು ಮೋಟಾರ್ ವಾಲ್ವುಗಳು. ಹಲವು ಮನೆಗಳಲ್ಲಿ ಹೀಟಿಂಗಿಗೆ ಒಂದು, ಸಿಲಿಂಡರಿಗೆ ಒಂದು. ನಮ್ಮ ಹಿಂದಿನ ಮನೆಯಲ್ಲಿ ಡಿಸೆಂಬರಿನಲ್ಲಿ ಹೀಟಿಂಗ್ ನಿಂತುಹೋಗಿತ್ತು, ಬಿಸಿನೀರಿಗೆ ಏನೂ ಆಗಿರಲಿಲ್ಲ. ಬಂದ ಎಂಜಿನಿಯರ್ ನೇರ ಕಪಾಟಿನ ಬಾಗಿಲು ತೆಗೆದು, ವಾಲ್ವಿನ ಬೆಳ್ಳಿ ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿದ್ದ ಸಣ್ಣ ಲಿವರನ್ನು ಬೆರಳಲ್ಲಿ ಸರಿಸಿ ನೋಡಿದರು. ನನಗೂ ಮಾಡಿಸಿದರು. ಸಿಲಿಂಡರಿನ ವಾಲ್ವಿನ ಲಿವರ್ ಸಡಿಲವಾಗಿ ಅಲ್ಲಾಡುತ್ತಿತ್ತು, ಅಂದರೆ ಮೋಟಾರ್ ಆಗಲೇ ವಾಲ್ವ್ ತೆರೆದಿದೆ. ಹೀಟಿಂಗ್ ವಾಲ್ವಿನ ಲಿವರ್ ಸ್ಪ್ರಿಂಗ್ ಎಳೆತಕ್ಕೆ ಬಿಗಿಯಾಗಿತ್ತು. ಹೀಟಿಂಗ್ ಆನ್ ಇದ್ದೂ ಲಿವರ್ ಬಿಗಿ ಇದೆ ಅಂದರೆ ವಾಲ್ವ್ ತೆರೆದಿಲ್ಲ ಅಂತ ಅರ್ಥ. ನಮ್ಮದರಲ್ಲಿ ಮೋಟಾರ್ ಸುಟ್ಟುಹೋಗಿತ್ತು. ನೀರು ಖಾಲಿ ಮಾಡದೆ ಮೇಲಿನ ಪೆಟ್ಟಿಗೆ ಮಾತ್ರ ಬದಲಿಸಿದರು. ಲಿವರ್ ನೀವೂ ಮುಟ್ಟಿ ನೋಡಬಹುದು, ಆದರೆ ವೈರಿಗೆ ಕೈ ಹಾಕಬೇಡಿ.

ಬಾಯ್ಲರ್ ಪೂರ್ತಿ ಕೆಟ್ಟರೂ ಸಿಲಿಂಡರಿನಲ್ಲಿ ಬಹುತೇಕ ಇಮ್ಮರ್ಷನ್ ಹೀಟರ್ ಇರುತ್ತದೆ, ಸಾಮಾನ್ಯವಾಗಿ 3 ಕಿಲೋವ್ಯಾಟ್. ಸ್ವಿಚ್ ಎಲ್ಲಿದೆ ಅಂತ ಇವತ್ತೇ ಹುಡುಕಿಟ್ಟುಕೊಳ್ಳಿ. ಕರೆಂಟ್ ಜಾಸ್ತಿ ತಿನ್ನುತ್ತದೆ, ಕೆಲಸ ಆದಮೇಲೆ ಮರೆಯದೆ ಆರಿಸಿ.

ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ. ಇದನ್ನು ನೀವೇ ಬಿಡಿಸಬಹುದು. ಹೀಟಿಂಗ್ ಆರಿಸಿ, ಆರಲು ಬಿಡಿ. ಮೇಲಿನ ಮೂಲೆಯಲ್ಲಿರುವ ಚೌಕದ ತಿರುಪಿಗೆ ಅದಕ್ಕೆಂದೇ ಇರುವ ಸಣ್ಣ ಕೀ ಹಾಕಿ, ಕೆಳಗೆ ಹಳೆ ಬಟ್ಟೆ ಹಿಡಿದು, ಮೆಲ್ಲಗೆ ಕಾಲು ಸುತ್ತು ತಿರುಗಿಸಿ. ಉಸ್ ಅಂತ ಗಾಳಿ ಬರುತ್ತದೆ, ಕೊನೆಗೆ ಒಂದೆರಡು ಹನಿ ಕಪ್ಪು ನೀರು ಚಿಮ್ಮುತ್ತದೆ. ಆಗ ಬಿಗಿ ಮಾಡಿ. ಕಪ್ಪು ನೀರು ಕಾರ್ಪೆಟ್ಟಿಗೆ ಬಿದ್ದರೆ ಕಲೆ ಹೋಗುವುದೇ ಕಷ್ಟ, ಬಟ್ಟೆ ದೊಡ್ಡದೇ ಇರಲಿ. ಮೇಲೆ ಬಿಸಿ, ಕೆಳಗೆ ತಣ್ಣಗೆ ಅಂದರೆ ಅದು ಗಾಳಿಯಲ್ಲ, ತುಕ್ಕಿನ ಕೆಸರು. ಅದಕ್ಕೆ ಎಂಜಿನಿಯರೇ ಬರಬೇಕು.

ಗಾಳಿ ಬಿಟ್ಟ ಮೇಲೆ ಬಾಯ್ಲರಿನ ಪ್ರೆಷರ್ ನೋಡಿ. ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಕಡಿಮೆ ಇದ್ದರೆ ಫಿಲ್ಲಿಂಗ್ ಲೂಪಿನ (ಹೀಟಿಂಗ್ ಪೈಪುಗಳಿಗೆ ಹೊಸ ನೀರು ತುಂಬಿಸುವ ಸಣ್ಣ ಪೈಪು) ವಾಲ್ವುಗಳನ್ನು ನಿಧಾನಕ್ಕೆ ತೆರೆದು, ಮುಳ್ಳು 1.5 ಹತ್ತಿರ ಬಂದಾಗ ಎಲ್ಲವನ್ನೂ ಪೂರ್ತಿ ಮುಚ್ಚಿ. ವಾರವಾರವೂ ಹೀಗೆ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ, ಸುಮ್ನೆ ತುಂಬಿಸುತ್ತಾ ಕೂರಬೇಡಿ. ಅಟ್ಟದಲ್ಲಿ ಸಣ್ಣ ಟ್ಯಾಂಕ್ ಇರುವ ಹಳೆಯ ಮನೆಗಳಿಗೆ ಈ ಪ್ರೆಷರ್ ತಲೆನೋವು ಇಲ್ಲ.

ಗ್ಯಾಸ್ ಬಿಲ್ ಇಳಿಸಬೇಕಾದರೆ ಕಾಂಬಿಯ ಮೇಲಿನ ರೇಡಿಯೇಟರ್ ಚಿತ್ರದ ಗುಂಡಿ ನೋಡಿ. ಅದು 75–80ರಲ್ಲಿದ್ದರೆ 60ಕ್ಕೆ ಇಳಿಸಿ. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಈಗಿನ ಬಾಯ್ಲರುಗಳು ಹೊಗೆಯಲ್ಲಿನ ಆವಿಯ ಬಿಸಿಯನ್ನೂ ಹಿಡಿದುಕೊಳ್ಳುತ್ತವೆ. ಕೋಣೆ ಕಾಯಲು ಸ್ವಲ್ಪ ಜಾಸ್ತಿ ಹೊತ್ತು ಬೇಕು, ತೀರಾ ಚಳಿ ಇರುವ ದಿನ ಸಾಲದಿದ್ದರೆ ಮತ್ತೆ ಏರಿಸಿಕೊಳ್ಳಿ. ಆದರೆ ಸಿಲಿಂಡರ್ ಇದ್ದವರು ಇಷ್ಟು ಇಳಿಸಬೇಡಿ. ಅದರ ನೀರು 60 ಡಿಗ್ರಿ ಮುಟ್ಟಬೇಕು, ಇಲ್ಲದಿದ್ದರೆ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ಅದಕ್ಕೆ ಬಾಯ್ಲರ್ 65ರ ಮೇಲೇ ಇರಲಿ.

ಬಾಯ್ಲರಿನ ಮುಚ್ಚಳ ತೆಗೆಯುವ ಕೆಲಸ ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ, ಅಂದರೆ ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿಯಲ್ಲಿ, ಹೆಸರಿರುವವರದ್ದು. ಬಂದವರ ಕಾರ್ಡ್ ಕೇಳಿ ನೋಡಿ, ಸಂಕೋಚ ಬೇಡ. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ.