ಮರುಭೂಮಿ ಪಾಠವನ್ನು ಮನೆ ಅಂಗಳದಲ್ಲೇ ಮಾಡಿ ತೋರಿಸುವುದು ಹೇಗೆ

ಮರುಭೂಮಿ ಅಂದ ಕೂಡಲೇ ಮಕ್ಕಳು ಮರಳು, ಗಾಳಿ, ಒಂಟೆ ಅಂತ ಬರೆದುಬಿಡುತ್ತಾರೆ. ನಾವೂ ಬರ್ಖಾನ್ (ಅರ್ಧಚಂದ್ರಾಕಾರದ ಮರಳು ದಿಬ್ಬ), ಯಾರ್ಡಾಂಗ್ (ಗಾಳಿ ಕೊರೆದು ಉಳಿಸಿದ ಉದ್ದನೆಯ ಬಂಡೆ ದಿಣ್ಣೆ), ಪ್ಲಾಯಾ (ನೀರು ನಿಂತು ಒಣಗಿದ ಸಮತಟ್ಟು ನೆಲ) ಅಂತ ಹೆಸರುಗಳನ್ನು ಸುಮ್ನೆ ಬಾಯಿಪಾಠ ಮಾಡಿಸುತ್ತೇವೆ. ಆದರೆ ಬಿಸಿ ಮರುಭೂಮಿಯ ನೆಲವನ್ನು ಕೊರೆಯುವುದರಲ್ಲಿ ದೊಡ್ಡ ಪಾಲು ಅಪರೂಪಕ್ಕೆ ಬರುವ ನೀರಿನದು. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಮಾಡಿ ತೋರಿಸಿ. ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್, ಮೇ ತಿಂಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ಮರಳು ಚೆನ್ನಾಗಿ ಒಣಗಿರುತ್ತದೆ, ಮಕ್ಕಳಿಗೂ ರಜೆ.

ಮೊದಲು ಹವಾಮಾನ. ನಮ್ಮ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆದರೂ ಇದು ಮರುಭೂಮಿಯಲ್ಲ. ಯಾಕೆ ಅಂತ ಮಕ್ಕಳನ್ನೇ ಕೇಳಿ. ಇಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 600 ಮಿಲಿಮೀಟರ್ ಮಳೆ ಬೀಳುತ್ತದೆ. ಮರುಭೂಮಿ ಅನ್ನುವುದು ಸಾಮಾನ್ಯವಾಗಿ 250ಕ್ಕಿಂತ ಕಡಿಮೆ ಬಿದ್ದಾಗ. ಆಮೇಲೆ ಅಟ್ಲಾಸ್ ತೆಗೆದು ಸಹಾರಾ, ಅರೇಬಿಯಾ, ಕಲಹರಿ, ಆಸ್ಟ್ರೇಲಿಯಾದ ಮರುಭೂಮಿಗಳಿಗೆ ಬಣ್ಣ ಹಚ್ಚಿಸಿ. ಬಹುತೇಕ ಎಲ್ಲವೂ ಎರಡು ಸಂಕ್ರಾಂತಿ ವೃತ್ತಗಳ ಅಕ್ಕಪಕ್ಕ ಪಟ್ಟಿ ಹಾಗೆ ಕಾಣುತ್ತವೆ. ಸಮಭಾಜಕ ವೃತ್ತದ ಹತ್ತಿರ ಮೇಲೇರಿದ ಗಾಳಿ ಅಲ್ಲೇ ಮಳೆ ಸುರಿಸಿ, ಒಣಗಿ, 20ರಿಂದ 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗುತ್ತದೆ, ಅದರಲ್ಲಿ ಮೋಡ ಕಟ್ಟುವುದಿಲ್ಲ. ಇಷ್ಟು ಅರ್ಥವಾದರೆ ಅರ್ಧ ಪಾಠ ಮುಗಿದ ಹಾಗೆ. ನಮೀಬ್, ಅಟಕಾಮಾ ಕರಾವಳಿಗಳಲ್ಲಿ ಇದರ ಜೊತೆ ತಣ್ಣನೆಯ ಸಮುದ್ರ ಪ್ರವಾಹವೂ ಸೇರಿಕೊಂಡಿದೆ. ಬೆಟ್ಟದ ಒಂದು ಮಗ್ಗುಲಲ್ಲೇ ಮಳೆ ಸುರಿದು ಆಚೆ ಮಗ್ಗುಲು ಒಣಗುವುದಕ್ಕೆ ಮಳೆ ನೆರಳು ಅನ್ನುತ್ತಾರೆ, ಇದನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯಲ್ಲೇ ಖಾನಾಪುರದ ಕಾಡಿನಿಂದ ಅಥಣಿ ಕಡೆ ಬಸ್ಸಿನಲ್ಲಿ ಬಂದರೆ ಕಿಟಕಿಯಲ್ಲೇ ಕಾಣುತ್ತದೆ.

ಈಗ ನೀರಿನ ಪ್ರಯೋಗ. ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಅಂಗಳದಲ್ಲಿ ಸಣ್ಣ ಗರಸು, ಮರಳು, ಒಣ ಮಣ್ಣು ಕಲಸಿ ಒಂದು ಗುಡ್ಡ ಮಾಡಿ, ಅಂಗೈಯಿಂದ ಬಡಿದು ಗಟ್ಟಿ ಮಾಡಿ, ಅದರ ಬುಡಕ್ಕೆ ಒಂದು ದೊಡ್ಡ ಪರಾತ ಸಮತಟ್ಟಾಗಿ ಇಡಿ. ಒಂದು ತಂಬಿಗೆ ನೀರನ್ನು ಕೈಯಿಂದ ನಿಧಾನವಾಗಿ ಚಿಮುಕಿಸಿ. ಮಣ್ಣು ಕುಡಿದುಬಿಡುತ್ತದೆ. ಇನ್ನೊಂದು ಒಣ ಗುಡ್ಡ ಮಾಡಿ, ಅಷ್ಟೇ ನೀರನ್ನು ಒಮ್ಮೆಲೇ ಸುರಿಯಿರಿ. ಕೊರಕಲು ಬೀಳುತ್ತದೆ, ಕೆಸರು ನೀರು ಪರಾತಕ್ಕೆ ನುಗ್ಗುತ್ತದೆ, ಇಳಿಜಾರು ಮುಗಿದಲ್ಲಿ ಬೀಸಣಿಗೆ ಆಕಾರದಲ್ಲಿ ಹರಡುತ್ತದೆ. ನೀರು ಹರಡಿದಾಗ ವೇಗ ಕಳೆದುಕೊಳ್ಳುತ್ತದೆ, ಹಾಗಾಗಿ ಹೊತ್ತು ತಂದ ಗರಸನ್ನು ಮೊದಲು ಇಳಿಸುತ್ತದೆ, ಆಮೇಲೆ ಮರಳು, ಕೊನೆಗೆ ನುಣ್ಣನೆ ಕೆಸರು. ಅದೇ ಮೆಕ್ಕಲು ಬೀಸಣಿಗೆ. ಪರಾತದ ಆ ತುದಿಯಲ್ಲಿ ನಿಂತ ಕೆಸರು ಮರುದಿನ ಒಣಗಿ ಬಿರುಕು ಬಿಟ್ಟರೆ ಅದು ಪ್ಲಾಯಾ. ಹುಲ್ಲು, ಬೇರು ಇಲ್ಲದ ಬೋಳು ನೆಲದ ಮೇಲೆ ಜೋರು ಮಳೆ ಬಿದ್ದರೆ ನೀರು ಇಂಗಲು ಹೊತ್ತೇ ಸಿಗುವುದಿಲ್ಲ, ಓಡಿಬಿಡುತ್ತದೆ. ಅರಬರು ವಾಡಿ ಅನ್ನುವುದು ಇಂಥ ದಾರಿಗೇ. ವರ್ಷವಿಡೀ ಒಣಗಿದ್ದು, ಮೇಲೆಲ್ಲೋ ಮಳೆಯಾದರೆ ಇದ್ದಕ್ಕಿದ್ದಂತೆ ತುಂಬಿ ಬರುವ ನಮ್ಮ ಹಳ್ಳಗಳನ್ನು ನೋಡಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಗಾಳಿಗೆ ಟೇಬಲ್ ಫ್ಯಾನ್ ಸಾಕು. ಕಣ್ಣಿಗೆ ಕನ್ನಡಕ ಕಡ್ಡಾಯ, ಮೂಗಿಗೆ ಬಟ್ಟೆ ಕಟ್ಟಿಸಿ. ಜರಡಿ ಹಿಡಿದ ಮರಳಿಗೆ ಗರಸು ಬೆರೆಸಿ ಹರಡಿ ಫ್ಯಾನ್ ಹಾಕಿ. ಮರಳು ಹೋಗುತ್ತದೆ, ಕಲ್ಲು ಉಳಿಯುತ್ತದೆ. ಕಲ್ಲು ಹಾಸಿದಂತೆ ಕಾಣುವ ಮರುಭೂಮಿ ನೆಲ ಆಗುವ ಒಂದು ಬಗೆ ಇದು. ಸಹಾರಾದ ಬಹುಪಾಲು ಕಲ್ಲು, ಗರಸಿನ ನೆಲವೇ, ಮರಳಿನ ದಿಬ್ಬಗಳದು ಕಡಿಮೆ ಪಾಲು. ನೆಲಕ್ಕೆ ಕಣ್ಣು ತಂದು ಅಡ್ಡದಿಂದ ನೋಡಿದರೆ ಕಾಳುಗಳು ಕುಪ್ಪಳಿಸುತ್ತಾ ಹೋಗುವುದು ಕಾಣುತ್ತದೆ. ನಿಜವಾದ ಮರುಭೂಮಿಯಲ್ಲೂ ಮರಳು ಹೆಚ್ಚಾಗಿ ನೆಲದಿಂದ ಒಂದು ಮೀಟರ್ ಒಳಗೇ ಓಡಾಡುತ್ತದೆ, ಅದಕ್ಕೇ ಬಂಡೆಯ ಬುಡ ಜಾಸ್ತಿ ಸವೆಯುತ್ತದೆ. ಒಣ ಮರಳನ್ನು ಮುಷ್ಟಿಯಿಂದ ಸುರಿದು ರಾಶಿಯ ಇಳಿಜಾರನ್ನು ಕೋನಮಾಪಕದಿಂದ ಅಳೆಯಿರಿ. 30ರಿಂದ 34 ಡಿಗ್ರಿ ಒಳಗೆ ಬರಬೇಕು. ದಿಬ್ಬದ ಗಾಳಿ ಮರೆಯ ಮಗ್ಗುಲು ಜಾರುವುದೂ ಇದೇ ಕೋನದಲ್ಲಿ.

ಬಿಸಿಲಿಗೇ ಬಂಡೆ ಒಡೆಯುತ್ತದೆ ಅಂತ ಪಾಠ ಮಾಡುವವರು ಒಂದು ವಿಷಯ ಸೇರಿಸಲೇಬೇಕು. ಡೇವಿಡ್ ಗ್ರಿಗ್ಸ್ ಎಂಬ ಭೂವಿಜ್ಞಾನಿ 1936ರಲ್ಲಿ ಗ್ರಾನೈಟ್ ತುಂಡನ್ನು ಹತ್ತಿರ ಹತ್ತಿರ 90,000 ಸಲ ನೀರು ಸೋಕಿಸದೆ ಕಾಯಿಸಿ ಆರಿಸಿದರು, ಏನೂ ಆಗಲಿಲ್ಲ. ಆರಿಸುವಾಗ ನೀರು ಸಿಂಪಡಿಸಿದ ಮೇಲೆ ತುಂಬಾ ಬೇಗ ಬಿರುಕು ಕಾಣಿಸಿತು. ಇಲ್ಲೂ ನೀರೇ ಬಂತು ನೋಡಿ. ಇದರ ಜೊತೆ ಉಪ್ಪಿನ ಕೆಲಸವನ್ನೂ ತೋರಿಸಿ. ಚೆನ್ನಾಗಿ ಬೇಯದ ಒಂದು ಇಟ್ಟಂಗಿಯನ್ನು ಗಾಢ ಉಪ್ಪು ನೀರಿನ ಬೋಗುಣಿಯಲ್ಲಿ ನಿಲ್ಲಿಸಿ ಕೆಲವು ವಾರ ಬಿಸಿಲಲ್ಲಿ ಬಿಡಿ, ನೀರು ಕಡಿಮೆಯಾದಂತೆ ಸುರಿಯುತ್ತಿರಿ. ನೀರಿನ ಮಟ್ಟದ ಮೇಲೆ ಬೆಳ್ಳಗೆ ಉಪ್ಪು ಹೂ ಬಿಟ್ಟು ಇಟ್ಟಂಗಿಯ ಮೈ ಉದುರತೊಡಗುತ್ತದೆ. ನೀರು ಆರುತ್ತದೆ, ಉಪ್ಪಿನ ಹರಳು ಸಣ್ಣ ರಂಧ್ರಗಳಲ್ಲಿ ಬೆಳೆದು ಒಳಗಿಂದ ತಳ್ಳುತ್ತದೆ. ಸವಳು ಹೊಲದಲ್ಲಿ ಉಪ್ಪು ಮೇಲೆ ಬರುವುದೂ ನೀರು ಹೀಗೆ ಆರಿಯೇ. ಕಬ್ಬಿಗೆ ಮಿತಿ ಮೀರಿ ನೀರು ಬಿಡುವ ಊರುಗಳ ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಬಾದಾಮಿಗೆ ಕರೆದುಕೊಂಡು ಹೋಗುವುದಾದರೆ ಒಂದು ಎಚ್ಚರಿಕೆ. ಆ ಕೆಂಪು ಬಂಡೆ ನೋಡಿ ಇದೂ ಹಳೇ ಮರುಭೂಮಿ ಅಂತ ಹೇಳಿಬಿಡಬೇಡಿ. ಅದು ಹರಿಯುವ ನೀರು ತಂದು ಹಾಕಿದ ಮರಳು ಗಟ್ಟಿಯಾದ ಕಲ್ಲು.

ಕೊನೆಗೆ ಮೊಬೈಲಿನಲ್ಲಿ ಗೂಗಲ್ ಅರ್ಥ್ ತೆರೆದು ಥಾರ್ ಮರುಭೂಮಿ ನೋಡಿ. ಬರ್ಖಾನ್ ದಿಬ್ಬದ ಕೊಂಬುಗಳು ಗಾಳಿ ಹೋಗುವ ದಿಕ್ಕಿಗೆ ಚಾಚಿರುತ್ತವೆ. ಥಾರ್‌ನಲ್ಲಿ ಜಾಸ್ತಿ ಕಾಣುವ ಪ್ಯಾರಾಬೋಲಾ (ಇಂಗ್ಲಿಷಿನ U) ಆಕಾರದ ದಿಬ್ಬಗಳು ಇದಕ್ಕೆ ತದ್ವಿರುದ್ಧ. ಅಲ್ಲಿ ಗಿಡಗಂಟಿಗಳು ತೋಳುಗಳನ್ನು ಹಿಡಿದಿಟ್ಟುಕೊಂಡು ನಡುಭಾಗ ಮಾತ್ರ ಮುಂದೆ ಸಾಗುತ್ತದೆ, ತೋಳುಗಳು ಗಾಳಿ ಬಂದ ಕಡೆಗೇ ಉಳಿಯುತ್ತವೆ. ಯಾವ ಕಡೆಯ ಗಾಳಿ ಅಂತ ಮಕ್ಕಳೇ ಹೇಳಲಿ. ನೈಋತ್ಯ ಅಂತ ಉತ್ತರ ಬರಬೇಕು.