ಟೀವಿ ಮ್ಯೂಟ್ ಮಾಡಿ, ಬೀಳುವವನನ್ನು ನೋಡಿ

ಅಡಿಕೆ ಸುಲಿಗೆಯ ರಾತ್ರಿಗಳಲ್ಲಿ ನಮ್ಮನೆ ಟೀವಿ ಜಗಲಿಗೆ ಬರುತ್ತದೆ. ಮೆಟ್ಟುಕತ್ತಿ ಮುಂದೆ ಕೂತವರಿಗೆ ಧಾರಾವಾಹಿ ಬೇಕು, ಅಕ್ಕನ ಮಗನಿಗೆ ರೆಸ್ಲಿಂಗ್. "ಮಾವ, ಇದೆಲ್ಲ ನಾಟಕ ಅಲ್ವಾ?" ಅಂದ ಮೊನ್ನೆ. ನಾಟಕವೇ ಮಾರಾಯ. ಗೆಲ್ಲೋದ್ಯಾರು ಅಂತ ಮೊದಲೇ ನಿಶ್ಚಯ. ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೇ ಬೆಳಗಿನ ತನಕ ಯಕ್ಷಗಾನದ ಆಟ ನೋಡ್ತೀವಲ್ಲ, ಹಾಗೆ. ಆದರೆ ನೋಡೋದಕ್ಕೂ ಒಂದು ಕ್ರಮ ಉಂಟು.

ಮೊದಲು ಸೌಂಡ್ ತೆಗೆಯಿರಿ. ಕಾಮೆಂಟ್ರಿಯವರ ಕೂಗಾಟಕ್ಕೆ ಕಣ್ಣು ಹೊಡೆಯುವವನ ಕಡೆಗೇ ಹೋಗುತ್ತದೆ. ನೋಡಬೇಕಾದ್ದು ಬೀಳುವವನನ್ನು.

ಕುತ್ತಿಗೆ ಹಿಡಿದು ಎತ್ತಿ ಕೆಳಗೆ ಬಡಿಯುವ ಚೋಕ್‌ಸ್ಲ್ಯಾಮ್‌ನಿಂದ ಶುರು ಮಾಡಿ. ಅಂಡರ್‌ಟೇಕರೋ ಕೇನ್ ಎಂಬ ದೈತ್ಯನೋ ಕುತ್ತಿಗೆಗೆ ಕೈ ಹಾಕಿದ ಕೂಡಲೇ ಎದುರಿನವನು ಆ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಾನೆ. ಬಿಡಿಸಿಕೊಳ್ಳುವ ಹಾಗೆ ಕಾಣುತ್ತದೆ, ನಿಜಕ್ಕೂ ಮೈಭಾರಕ್ಕೆ ಆಸರೆ ಅದು. ಮೊಣಕಾಲು ಸ್ವಲ್ಪ ಬಗ್ಗುತ್ತದೆ, ಆಮೇಲೆ ತಾನೇ ಹಾರುತ್ತಾನೆ. 2007ರಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದ ನಮ್ಮ ಹಿಮಾಚಲದ ಖಲಿ ಎರಡೂ ಕೈಯಲ್ಲಿ ಎತ್ತುತ್ತಿದ್ದದ್ದೂ ಇದರದ್ದೇ ಜಾತಿ.

ಸ್ಟನ್ನರ್, ಆರ್‌ಕೆಓ ಎರಡನ್ನೂ ಬೇರೆ ಮಾಡಲಾಗದವರು ಬಹಳ. ಎರಡರಲ್ಲೂ ಬೆನ್ನು ತಿರುಗಿಸಿ ಎದುರಾಳಿಯ ತಲೆಯನ್ನು ಹೆಗಲ ಮೇಲೆ ಎಳೆದುಕೊಳ್ಳುತ್ತಾರೆ. ಸ್ಟೀವ್ ಆಸ್ಟಿನ್ ಹೊಟ್ಟೆಗೆ ಒದ್ದು ಬಗ್ಗಿಸಿ, ತಲೆ ಹಿಡಿದು ಕುಕ್ಕರಿಸುತ್ತಾನೆ: ಅದು ಸ್ಟನ್ನರ್. ರಾಂಡಿ ಆರ್ಟನ್ ಹಾರಿ ಬೆನ್ನಡಿಯಾಗಿ ಮಲಗುತ್ತಾನೆ, ಪಕ್ಕದಲ್ಲೇ ಎದುರಾಳಿ ಬೋರಲು: ಅದು ಆರ್‌ಕೆಓ. ಆರ್ಟನ್‌ಗಿಂತ ಮೊದಲೇ ಡೈಮಂಡ್ ಡಲ್ಲಾಸ್ ಪೇಜ್ ಇದೇ ಪಟ್ಟನ್ನು ಡೈಮಂಡ್ ಕಟರ್ ಅಂತ ಹಾಕುತ್ತಿದ್ದ. ಇನ್ನು ಸ್ಟನ್ನರ್ ತಿನ್ನುವುದರಲ್ಲಿ ರಾಕ್ ಎಂಬ ರೆಸ್ಲರ್‌ನನ್ನು ಬಿಟ್ಟರಿಲ್ಲ. ಕಾದ ಕಾವಲಿಗೆ ಬಿದ್ದ ನೀರಿನ ಹನಿ ಹಾಗೆ ಚಿಮ್ಮುತ್ತಾನೆ.

ಎಂಟನೇ ಕ್ಲಾಸಿನಲ್ಲಿ ದೊಡ್ಡಪ್ಪನ ಮಗನಿಗೆ ನಾನೂ ಅಂಗಳದಲ್ಲಿ ಆರ್‌ಕೆಓ ಹಾಕಿದ್ದೆ. ಅವನು ಕಂಬದ ಹಾಗೆ ನಿಂತೇ ಇದ್ದ. ನಾನೊಬ್ಬನೇ ಬಿದ್ದೆ. ಅಡಿಕೆ ಒಣಗಿಸೋ ಗಟ್ಟಿ ನೆಲ, ವಾರವಿಡೀ ಕೂರಲಾಗಲಿಲ್ಲ. ಅಲ್ಲಿ ರಿಂಗಿನಲ್ಲಿ ಹಲಗೆ, ಅದರ ಮೇಲೆ ತೆಳು ಫೋಮ್, ಮೇಲೆ ಕ್ಯಾನ್ವಾಸ್. ಅಷ್ಟಿದ್ದರೂ ಗಲ್ಲ ಎದೆಗೆ ಒತ್ತಿಕೊಂಡು, ಬೆನ್ನನ್ನು ಅಗಲವಾಗಿ ಕೊಟ್ಟು, ಕೈ ಚಾಚಿ ನೆಲಕ್ಕೆ ಬಡಿಯುವುದನ್ನೇ ಮೊದಲು ಕಲಿಸುತ್ತಾರೆ. ಮನೆಯಲ್ಲಿ ಬೇಡ.

ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಮೊಣಕಾಲೂರುವ ಟೂಂಬ್‌ಸ್ಟೋನ್‌ನಲ್ಲಿ ಮಾತ್ರ ಬೀಳುವವನ ಕೈಯಲ್ಲಿ ಹೆಚ್ಚೇನಿಲ್ಲ. ತಲೆಕೆಳಗಾಗಿ ತೂಗಾಡುತ್ತಾ ಅಂಡರ್‌ಟೇಕರ್‌ನ ಸೊಂಟ ತಬ್ಬಿಕೊಂಡಿರುತ್ತಾನೆ. ಅಂಡರ್‌ಟೇಕರ್‌ನ ಮೊಣಕಾಲನ್ನು ನೋಡಿ. ನೆಲ ಮುಟ್ಟುವುದು ಮೊದಲು ಅದು. ಬೀಳುವವನ ತಲೆ ಅವನ ತೊಡೆಗಳ ನಡುವೆ ಮೇಲೇ ಉಳಿಯುತ್ತದೆ. 1997ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಓವನ್ ಹಾರ್ಟ್ ಇದೇ ಜಾತಿಯ ಪೈಲ್‌ಡ್ರೈವರ್ ಹಾಕುವಾಗ ಮೊಣಕಾಲೂರದೆ ಕುಕ್ಕರಿಸಿದ. ಆಸ್ಟಿನ್‌ನ ತಲೆ ನೇರ ನೆಲಕ್ಕೆ ಹೋಯಿತು, ಕುತ್ತಿಗೆಗೆ ಪೆಟ್ಟಾಯಿತು. ಕೈಕಾಲು ಸ್ವಾಧೀನ ತಪ್ಪಿದ್ದರೂ ಹೇಗೋ ತೆವಳಿ ಬಂದು ಓವನ್‌ನನ್ನು ಉರುಳಿಸಿ ಮ್ಯಾಚ್ ಮುಗಿಸಿದ. ಆ ತುಣುಕು ಹಾಕಿದಾಗ ಹುಡುಗ ನಾಟಕದ ಮಾತೆತ್ತಲಿಲ್ಲ.

ಹಗ್ಗಗಳ ನಡುವೆ ತೂಗಿ ಬಂದು ಮುಖಕ್ಕೆ ಒದೆಯುವ ರೇ ಮಿಸ್ಟೀರಿಯೋನ 619 ಪಟ್ಟಿಗೆ ಎದುರಾಳಿ ತಾನೇ ಹೋಗಿ ನಡುಹಗ್ಗಕ್ಕೆ ಜೋತುಬೀಳಬೇಕು, ಅಷ್ಟೇ. ಅವನೂರು ಸ್ಯಾನ್ ಡಿಯಾಗೋದ ಫೋನ್ ಕೋಡ್ ಅದು.

ಈಗ ಸೌಂಡ್ ಹಾಕಿ. ಶಾನ್ ಮೈಕಲ್ಸ್ ಗಲ್ಲಕ್ಕೆ ಒದ್ದಾಗ ಪಟ್ ಅಂತ ಕೇಳುವುದು ಗಲ್ಲದ್ದಲ್ಲ, ಅವನದೇ ತೊಡೆಗೆ ಅವನೇ ಬಡಿದದ್ದು. ಕೈ ನೋಡಿದರೆ ಸಿಕ್ಕಿಬೀಳುತ್ತಾನೆ.

ಇಷ್ಟು ಕಲಿಸಿ ಹುಡುಗನನ್ನು ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆಯ ಕುಸ್ತಿಗೆ ಕರೆದೊಯ್ದೆ. ಒಬ್ಬ ಪೈಲ್ವಾನ್ ಬೋರಲು ಬಿದ್ದು ಮಣ್ಣು ಕಚ್ಚಿಕೊಂಡಿದ್ದ. ಮೇಲಿನವನು ಎಷ್ಟು ತಿರುಗಿಸಿದರೂ ಬೆನ್ನು ಕೊಡ. ಹುಡುಗ ಕೆಳಗಿನವನನ್ನೇ ನೋಡುತ್ತಿದ್ದ. ಸುಮಾರು ಹೊತ್ತಿನ ಮೇಲೆ ಕೇಳಿದ: "ಮಾವ, ಇವನು ಯಾಕೆ ಸಹಾಯ ಮಾಡ್ತಿಲ್ಲ?"